ಆಯಿಲ್ ಹೆಚ್ಚಾದರೂ ಇಂಜಿನ್‌ಗೆ ಕೇಡು

ಕಾರಿನ ಇಂಜಿನ್‌ನಲ್ಲಿ ಆಯಿಲ್ ಕಡಿಮೆಯಾದರೆ ಅಪಾಯವೆಂದು ಎಲ್ಲರೂ ಬಲ್ಲರು. ಹೆಚ್ಚಾದರೆ? 'ಇರಲಿ ಬಿಡಿ, ಒಳ್ಳೆಯದೇ' ಎನ್ನುವವರುಂಟು. ಅದು ಸರಿಯಲ್ಲ. ಏಕೆಂದು ನೋಡೋಣ.

ಇಂಜಿನ್‌ನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ ಸಂಪ್ ಎನ್ನುತ್ತಾರೆ. ಅದರ ಮೇಲ್ಗಡೆ ಕ್ರ್ಯಾಂಕ್ ಶಾಫ್ಟ್ ತಿರುಗುತ್ತದೆ. ನಿಮಿಷಕ್ಕೆ 3,000 ಸುತ್ತು ಎಂದರೆ ಸೆಕೆಂಡಿಗೆ 50! ಆಯಿಲ್ ಮಟ್ಟ ತೀರ ಏರಿದರೆ ಶಾಫ್ಟ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ. ಗಾಳಿ ಬೆರೆತ ಆ ನೊರೆ ಬೇರಿಂಗ್‌ಗಳ ನಡುವೆ ಗಟ್ಟಿಯಾದ ಪದರವಾಗಿ ನಿಲ್ಲಲಾರದು. ಆಗ ಆಯಿಲ್ ತುಂಬಿದ್ದರೂ ಲೋಹ ಲೋಹವನ್ನು ಉಜ್ಜಿ ಸವೆಯುತ್ತದೆ. ಸೀಲುಗಳಲ್ಲಿ ಸೋರಿಕೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಕಾಣಿಸಬಹುದು.

ಪರೀಕ್ಷೆ ಸುಲಭ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. ಮೇಲಿರುವ ಆಯಿಲ್ ಸಂಪ್‌ಗೆ ಇಳಿಯಬೇಕಲ್ಲವೇ? ಡಿಪ್‌ಸ್ಟಿಕ್ ಎಳೆದು ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗಿಳಿಸಿ, ಮತ್ತೆ ತೆಗೆದು ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇದ್ದರೆ ಸರಿ. ಮೇಲಿನ ಗುರುತು ದಾಟಿದ್ದರೆ ಇನ್ನೊಮ್ಮೆ ಪರೀಕ್ಷಿಸಿ. ಆಗಲೂ ಹಾಗೆಯೇ ಇದ್ದರೆ ಇಂಜಿನ್ ಸ್ಟಾರ್ಟ್ ಮಾಡದೆ, ಮೆಕ್ಯಾನಿಕ್‌ನಿಂದ ಹೆಚ್ಚುವರಿ ಆಯಿಲ್ ತೆಗೆಸಿ. ಕಾರಿನ ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ.

ಒಂದು ಎಚ್ಚರಿಕೆ: ಯಾರೂ ಆಯಿಲ್ ಹಾಕದೆ ಮಟ್ಟ ತಾನಾಗಿಯೇ ಏರಿದ್ದರೆ ಪೆಟ್ರೋಲ್, ಡೀಸೆಲ್ ಅಥವಾ ಕೂಲೆಂಟ್ ಅದರೊಳಗೆ ಸೇರುತ್ತಿರಬಹುದು. ಹೆಚ್ಚಿದ್ದನ್ನು ತೆಗೆದರಷ್ಟೇ ಸಾಲದು. ಸೇರುತ್ತಿರುವುದು ಎಲ್ಲಿಂದ ಎಂದು ಹುಡುಕಿಸಲೇಬೇಕು.