ಕಣದ ಗುಂಡು ಹೊಲಕ್ಕೆ ಒಗ್ಗಲಿಲ್ಲ

ಅಜ್ಜನ ಕಾಲದ ಕಣದ ಗುಂಡು ನಮ್ಮ ಮನೆ ಮುಂದೆ ಎಷ್ಟೋ ವರ್ಷದಿಂದ ಬರೀ ಕೂರುವ ಕಲ್ಲಾಗಿ ಬಿದ್ದಿತ್ತು. ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡಿ ಬಸ್ಸು, ಲಾರಿಗಳಿಂದ ಒಕ್ಕಣೆ ಮಾಡಿಸಿಕೊಳ್ಳುವುದನ್ನು ನಮ್ಮ ಗುಬ್ಬಿ ಸೀಮೆಯವರು ಕಲಿತ ಮೇಲೆ, ಆಮೇಲೆ ಮಿಷನ್ನೂ ಬಂದ ಮೇಲೆ, ಅದನ್ನು ಕೇಳುವವರೇ ಇರಲಿಲ್ಲ. ಎರಡು ವರ್ಷದ ಹಿಂದೆ, ಬಿತ್ತಿದ ಹೊಲವನ್ನು ಒಂದು ಸಲ ಒತ್ತಿಸಬೇಕು ಅನ್ನಿಸಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದೇ ಗುಂಡು. ಎಂಥೆಂಥದಕ್ಕೋ ದುಡ್ಡು ಸುರಿಯುವ ಬದಲು ಮನೆಯಲ್ಲಿರುವುದನ್ನೇ ಟ್ರಾಕ್ಟರಿಗೆ ಕಟ್ಟಿದರಾಯಿತು ಅಂತ ಎಳೆದೆ. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಎಡಕ್ಕೆ ಸರಿಯಿತು. ತಿದ್ದಿದೆ. ಮತ್ತೆ ಎಡಕ್ಕೇ. ಬದುವಿನ ಮೇಲೆ ಕೂತಿದ್ದ ಚಿಕ್ಕಪ್ಪ ನಗುತ್ತಾ ಅಂದರು: "ಅದಕ್ಕೆ ಸುತ್ತು ಹಾಕೋದು ಬಿಟ್ರೆ ಬೇರೆ ಗೊತ್ತಿಲ್ಲ ಕಣಪ್ಪ. ನೆಟ್ಟಗೆ ನಡಿ ಅಂದ್ರೆ ಹೆಂಗೆ ನಡೀತದೆ?"

ಸಂಜೆ ದಾರ ಸುತ್ತಿ ಅಳೆದೆ. ಒಂದು ತುದಿಯ ಸುತ್ತಳತೆ 53 ಅಂಗುಲ, ಇನ್ನೊಂದು ತುದಿಯದು 47. ಉದ್ದ ಎರಡೂವರೆ ಅಡಿ. ಹೀಗೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುವ ಕಲ್ಲು ಉರುಳಿದರೆ ತಾನಾಗಿಯೇ ಸುತ್ತು ಹಾಕುತ್ತದೆ. ಲೆಕ್ಕ ಹಾಕಿದರೆ ಆ ಸುತ್ತಿನ ತ್ರಿಜ್ಯ ಸುಮಾರು 22 ಅಡಿ, ಹೆಚ್ಚು ಕಡಿಮೆ ನಮ್ಮ ಹಳೇ ಕಣದಷ್ಟೇ. ಸಣ್ಣ ತುದಿ ಕಣದ ನಡುವಿನ ಮೇಟಿ ಕಡೆ, ದಪ್ಪ ತುದಿ ಹೊರಗಡೆ. ಆ ಕಲ್ಲು ಕಡೆದವನು ಎತ್ತಿನ ಕತ್ತಿಗೆ ನೋವಾಗಬಾರದೆಂದು ಇಷ್ಟೆಲ್ಲ ಯೋಚಿಸಿದ್ದ. ನಾನು ಐವತ್ತು ವರ್ಷ ಅದರ ಮೇಲೆ ಕೂತಿದ್ದರೂ ಗಮನಿಸಿರಲಿಲ್ಲ.

ಬಿತ್ತಿದ ಹೊಲವನ್ನು ಒತ್ತುವುದೇಕೆ ಅಂತ ಕೇಳುವವರಿದ್ದಾರೆ. ರಾಗಿ ಕಾಳು ಸಾಸಿವೆಯಷ್ಟೇ ಸಣ್ಣದು. ಬಿತ್ತುವ ಆಳ ಎರಡು ಮೂರು ಸೆಂಟಿಮೀಟರು. ಉತ್ತ ಹೊಲದಲ್ಲಿ ಹೆಂಟೆಗಳ ನಡುವೆ ಪೊಳ್ಳು ಜಾಗ ಇದ್ದು ಕಾಳು ಅದರಲ್ಲಿ ಕೂತರೆ ಸುತ್ತ ಗಾಳಿ ಬಿಟ್ಟು ಏನೂ ಇರುವುದಿಲ್ಲ. ಕಾಳಿಗೆ ಮಣ್ಣು ಅಂಟಿಕೊಂಡರೆ ತಾನೇ ತೇವ ಹೀರುವುದು? ಮೇಲ್ಪದರವನ್ನು ಹಗುರಾಗಿ ಒತ್ತಿದರೆ ಪೊಳ್ಳು ಮುಚ್ಚಿ, ಕೆಳಗಿನ ತೇವ ಸಣ್ಣ ಸಣ್ಣ ಸಂದುಗಳಲ್ಲಿ ಮೇಲೇರಿ ಕಾಳಿಗೆ ಸಿಗುತ್ತದೆ. ಅಪ್ಪ ಕೂರಿಗೆ ಹಿಂದೆ ಮುಳ್ಳಿನ ಕೊಂಬೆ ಎಳೆಸುತ್ತಿದ್ದರು. ಅದು ಮುಚ್ಚುತ್ತಿತ್ತು, ಒತ್ತುತ್ತಿರಲಿಲ್ಲ. ಹಾವೇರಿ ಕಡೆಯ ಗುಳಿ ರಾಗಿಯವರಂತೂ ಎಳೆ ಪೈರಿನ ಮೇಲೇ ಕೊರಡು ಎಳೆಯುತ್ತಾರೆ. ಪೈರು ಬಾಗಿ, ಬುಡದಿಂದ ತೆಂಡೆ ಹೆಚ್ಚು ಒಡೆಯಲಿ ಅಂತ. ಅದು ಬೇರೆ ವಿದ್ಯೆ, ನಾನು ಆಮೇಲೆ ಮಾಡಿಸಿದ ರೋಲರ್‌ಗೆ ಆ ಕೆಲಸ ಕೊಟ್ಟಿಲ್ಲ.

ಗುಂಡು ಕೈಕೊಟ್ಟ ಮೇಲೆ ಕೆಟ್ಟುಹೋದ ಬೋರ್‌ವೆಲ್ಲಿನ ಏಳಿಂಚು ಕೇಸಿಂಗ್ ಪೈಪು ಎಳೆದು ನೋಡಿದೆ. ಅದು ಉರುಳಲೇ ಇಲ್ಲ, ಮಣ್ಣನ್ನು ಮುಂದಕ್ಕೆ ತಳ್ಳಿ ಗುಡ್ಡೆ ಹಾಕಿತು. ವ್ಯಾಸ ಕಡಿಮೆಯಾದಷ್ಟೂ ಹೆಂಟೆ ಹತ್ತುವ ತಾಕತ್ತು ಕಡಿಮೆ. ದೊಡ್ಡ ಚಕ್ರದ ಗಾಡಿ ಹಳ್ಳದಲ್ಲಿ ಸಲೀಸಾಗಿ ಬರುವುದಕ್ಕೂ ಇದೇ ಕಾರಣ. ಕೊನೆಗೆ ತುಮಕೂರಿನ ಗುಜರಿಯಲ್ಲಿ ಕೆ.ಜಿ. ಲೆಕ್ಕದಲ್ಲಿ 20 ಇಂಚು ವ್ಯಾಸದ, 6 ಮಿ.ಮೀ. ದಪ್ಪದ ಕಬ್ಬಿಣದ ಕೊಳವೆ ಸಿಕ್ಕಿತು. ಐದು ಅಡಿಗೆ ಕತ್ತರಿಸಿಕೊಂಡು ತಂದೆ. ಎಣ್ಣೆ ಡ್ರಮ್ಮು ಅಗ್ಗ ಅಂತ ಹಲವರು ಹೇಳಿದರು. ಎಣ್ಣೆಯೋ ಪೆಟ್ರೋಲೋ ಇದ್ದ ಡ್ರಮ್ಮಿಗೆ ಬೆಂಕಿ ತೋರಿಸಿದರೆ ಒಳಗಿನ ಆವಿ ಬಾಂಬಿನ ಹಾಗೆ ಸಿಡಿಯುತ್ತದೆ. ಅಗ್ಗ ಅಂತ ಆ ಸಹವಾಸಕ್ಕೆ ಹೋಗಬೇಡಿ.

ಎರಡು ತುದಿಗೆ 8 ಮಿ.ಮೀ. ತಗಡಿನ ಮುಚ್ಚಳ, ನಡುವೆ ಈಚೆಯಿಂದ ಆಚೆಗೆ 50 ಮಿ.ಮೀ. ಶಾಫ್ಟ್, ಅದರ ತುದಿಗಳಿಗೆ ಯುಸಿಪಿ 210 ಪೆಡೆಸ್ಟಲ್ ಬೇರಿಂಗ್, ಸುತ್ತ ಮೂರಿಂಚು ಚಾನೆಲ್ಲಿನ ಚೌಕಟ್ಟು. ಬರೆಯುವಾಗ ಒಂದೇ ವಾಕ್ಯ. ಮಾಡಿಸುವಾಗ ವೆಲ್ಡಿಂಗ್ ಶಾಪಿಗೆ ಹನ್ನೊಂದು ಸಲ ಓಡಾಡಿದೆ. ಮೊದಲ ಸಲ ಮುಚ್ಚಳದ ತೂತು ಅರ್ಧ ಇಂಚು ಆಚೀಚೆ ಆಗಿತ್ತು. ಕಣ್ಣಿಗೆ ಗೊತ್ತಾಗಲಿಲ್ಲ. ವೆಲ್ಡಿಂಗ್ ಹುಡುಗ ಶಾಫ್ಟಿನ ಎರಡೂ ತುದಿಗಳನ್ನು ಕಬ್ಬಿಣದ ಕುದುರೆಗಳ ಮೇಲೆ ಕೂರಿಸಿದ. ಸೀಮೆಸುಣ್ಣವನ್ನು ಕೊಳವೆಗೆ ಕೂದಲೆಳೆಯಷ್ಟು ದೂರದಲ್ಲಿ ಅಲುಗಾಡದಂತೆ ಹಿಡಿದು, "ತಿರುಗ್ಸಿ ಯಜಮಾನ್ರೇ" ಅಂದ. ಕೊಳವೆ ಪೂರ್ತಿ ಸುತ್ತಿದಾಗ ಒಂದೇ ಬದಿಗೆ ಗೇಣುದ್ದ ಬಿಳಿ ಗೆರೆ ಬಿದ್ದಿತು, ಉಳಿದ ಕಡೆ ಏನೂ ಇಲ್ಲ. ಉಬ್ಬು ಇರುವುದು ಅಲ್ಲಿ. ಹಾಗೇ ಬಿಟ್ಟಿದ್ದರೆ ರೋಲರ್ ಹೊಲದ ತುಂಬ ಕುಂಟುತ್ತಿತ್ತು. ಮುಚ್ಚಳ ಬಿಚ್ಚಿ, ಸುತ್ತಲೂ ಸೀಮೆಸುಣ್ಣ ಒಂದೇ ಸಮ ತಾಗುವವರೆಗೆ ಮೂರು ಸಲ ಟಾಕಿ ಹಾಕಿ, ತಟ್ಟಿ, ಆಮೇಲೆ ಪೂರ್ತಿ ಬೆಸೆದ. ಒಳಗಿನ ಗಾಳಿ ಬಿಸಿಯಾಗಿ ಹೊರಗೆ ಹೋಗಲಿ ಅಂತ ಮುಂದೆ ನೀರು ತುಂಬಿಸಲು ಬೇಕಾದ ತೂತನ್ನು ಮೊದಲೇ ಕೊರೆದು ತೆರೆದಿಟ್ಟಿದ್ದ. ಅವನಿಗೆ ಇಪ್ಪತ್ತೆರಡು ವಯಸ್ಸು.

ತೂಕದ ವಿಷಯದಲ್ಲಿ ಊರೆಲ್ಲ ನನ್ನ ಜೊತೆ ಜಗಳ ಆಡಿತು. ಕಾಂಕ್ರೀಟ್ ತುಂಬಿಸು, ಗಟ್ಟಿ ಇರುತ್ತದೆ ಅಂದರು. ಖಾಲಿ ಕೊಳವೆ, ಮುಚ್ಚಳ, ಶಾಫ್ಟ್ ಸೇರಿ 165 ಕೆ.ಜಿ. ಒಳಗೆ ಹಿಡಿಸುವ ನೀರು ಸುಮಾರು 290 ಲೀಟರ್, ಅಂದರೆ 290 ಕೆ.ಜಿ. ಅದೇ ಜಾಗಕ್ಕೆ ಕಾಂಕ್ರೀಟ್ ಸುರಿದರೆ ಹತ್ತಿರ ಹತ್ತಿರ 700 ಕೆ.ಜಿ. ನೀರು ತುಂಬಿದಾಗ ಅಡಿ ಅಗಲಕ್ಕೆ 90 ಕೆ.ಜಿ. ಬೀಳುತ್ತದೆ, ಕಾಂಕ್ರೀಟ್ ಆದರೆ 170 ದಾಟುತ್ತದೆ. ಅಜ್ಜನ ಗುಂಡಿನ ಲೆಕ್ಕ ತೆಗೆದರೆ ಅಡಿಗೆ ನೂರರ ಆಸುಪಾಸು! ಕಾಂಕ್ರೀಟ್ ಒಮ್ಮೆ ಸುರಿದರೆ ಮುಗಿಯಿತು, ನೀರನ್ನಾದರೆ ತೂತಿನ ಬಿರಡೆ ತಿರುಗಿಸಿ ಇಳಿಸಬಹುದು. ನಮ್ಮ ಕೆಂಪು ಮಣ್ಣನ್ನು ಅತಿಯಾಗಿ ಒತ್ತಿ, ಅದರ ಮೇಲೊಂದು ಜೋರು ಮಳೆ ಬಿದ್ದು, ಬಿಸಿಲು ಹೊಡೆದರೆ ಮೇಲೆ ಹಪ್ಪಳದ ಹಾಗೆ ಪದರ ಕಟ್ಟುತ್ತದೆ. ರಾಗಿ ಮೊಳಕೆಗೆ ಅದನ್ನು ಒಡೆದು ಬರುವ ಶಕ್ತಿ ಇಲ್ಲ. ಆದ್ದರಿಂದ ನನ್ನ ಮಟ್ಟಿಗೆ ನೀರೇ ಸರಿ. ಅರ್ಧ ತುಂಬಿಸಿದರೆ ಒಳಗೆ ಕುಲುಕಾಡಿ ಟ್ರಾಕ್ಟರನ್ನು ಜಗ್ಗುತ್ತದೆ. ಇಡೀ ತುಂಬಿಸಿ, ಬಿಸಿಲಿಗೆ ಹಿಗ್ಗಲು ನಾಲ್ಕು ಬೆರಳು ಜಾಗ ಬಿಡುತ್ತೇನೆ.

ಹಗ್ಗದಲ್ಲಿ, ಸರಪಳಿಯಲ್ಲಿ ಎಳೆಯುವ ಆಸೆ ಬೇಡ. ಇಳಿಜಾರಿನಲ್ಲಿ ನೀವು ಬ್ರೇಕ್ ಹಾಕಿದರೂ ರೋಲರ್ ಹಾಕುವುದಿಲ್ಲ, ಹಿಂದಿನಿಂದ ಬಂದು ಗುದ್ದುತ್ತದೆ. ಗಟ್ಟಿ ಕಬ್ಬಿಣದ ಮೂತಿ ಮಾಡಿಸಿ, ಟ್ರಾಕ್ಟರಿನ ಕೆಳಗಿನ ಕೊಂಡಿಗೇ ಪಿನ್ ಹಾಕಬೇಕು. ಮೇಲಕ್ಕೆ ಕಟ್ಟಿ ಎಳೆದರೆ ಟ್ರಾಕ್ಟರಿನ ಮೂತಿಯೇ ಎದ್ದೀತು. ನಿಲ್ಲಿಸಿದ ಕೂಡಲೇ ಎರಡೂ ಕಡೆ ಕಲ್ಲು ಕೊಡಿ. ಮಕ್ಕಳು ಅದರ ಮೇಲೆ ಹತ್ತಿ ನಡೆಯುವ ಆಟ ಆಡದೆ ಇರುವುದಿಲ್ಲ.

ಒಂದು ತಪ್ಪು ನನ್ನಲ್ಲೇ ಉಳಿದಿದೆ. ಐದು ಅಡಿಯ ಒಂದೇ ಉರುಳೆ ಮಾಡಿಸಬಾರದಿತ್ತು. ತಿರುವಿನಲ್ಲಿ ಒಳತುದಿ ಕಮ್ಮಿ ದೂರ, ಹೊರತುದಿ ಹೆಚ್ಚು ದೂರ ಹೋಗಬೇಕಾಗಿ, ಉರುಳೆ ಜಾರಿ ಮಣ್ಣನ್ನು ಕಾಳಿನ ಸಮೇತ ಕೆರೆಯುತ್ತದೆ. ಎರಡೂವರೆ ಅಡಿಯ ಎರಡು ತುಂಡು ಒಂದೇ ಶಾಫ್ಟಿನ ಮೇಲೆ ಬೇರೆ ಬೇರೆ ತಿರುಗುವ ಹಾಗಿದ್ದರೆ ಈ ರಗಳೆ ಇರುತ್ತಿರಲಿಲ್ಲ. ಈಗ ನಾನು ಬದುವಿನ ಹತ್ತಿರ ದೊಡ್ಡ ಸುತ್ತು ಹಾಕಿ ತಿರುಗುತ್ತೇನೆ. ಎಕರೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಯಾವತ್ತು ಎಳೆಯಬೇಕು ಅನ್ನುವುದನ್ನು ಹಿಡಿ ಮಣ್ಣೇ ಹೇಳುತ್ತದೆ. ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ಬಿದ್ದು ಉದುರಿದರೆ ಹದ. ಹಾಗೇ ಕೂತರೆ, ಇಲ್ಲವೇ ಅಂಗೈಗೆ ಅಂಟಿದರೆ ಟ್ರಾಕ್ಟರ್ ತೆಗೆಯಲೇಬೇಡಿ. ಹೋದ ವರ್ಷ ನಾಲ್ಕು ಸಾಲು ಬೇಕೆಂದೇ ಒತ್ತದೆ ಬಿಟ್ಟಿದ್ದೆ. ಒತ್ತಿದ ಕಡೆ ಪೈರು ಎರಡು ದಿನ ಮುಂಚೆ, ಒಂದೇ ಸಮ ಎದ್ದಿತು. ಅಣ್ಣೆ ಸೊಪ್ಪೂ ಹಾಗೇ, ಎರಡು ದಿನ ಮುಂಚೆ, ಒಂದೇ ಸಮ. ಕಳೆ ಕೀಳಲು ಬಂದ ಹೆಂಗಸರು ನನ್ನ ರೋಲರನ್ನು ಚೆನ್ನಾಗಿಯೇ ಬೈದರು.

ಈಗ ನೀರು ಖಾಲಿ ಮಾಡಿ ಹುಣಸೆ ಮರದ ಕೆಳಗೆ ನಿಲ್ಲಿಸಿದ್ದೇನೆ, ಗುಂಡಿನ ಪಕ್ಕದಲ್ಲೇ. ಅಳತೆ ಬೇಕಾದವರು ಟೇಪು ತಗೊಂಡು ಬನ್ನಿ, ಬಿತ್ತನೆ ವಾರ ಒಂದು ಬಿಟ್ಟು.