ಪರದೇಶದಲ್ಲಿ ಒಂದು ಬಿಡಾರ

ಮಲೆನಾಡಿನ ಮನೆಯ ಜಗಲಿಗೆ ಅಪರಿಚಿತನೊಬ್ಬನು ಬಂದು ಕುಳಿತರೆ ಮೊದಲು ನೀರು ಬೆಲ್ಲ ಬರುವುದು, ‘ಯಾವೂರು? ಯಾರ ಮನೆಯವರು?’ ಎಂಬ ಪ್ರಶ್ನೆ ಅನಂತರ ಬರುವುದು. ಈ ಪ್ರಶ್ನೆಗೆ ಉತ್ತರ ದೊರೆತರೆ ಮನುಷ್ಯನ ಗುರುತು ದೊರೆತಂತೆಯೇ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಮನೆಯ ಹೆಸರನ್ನು ಹೇಳಿದರೆ ಸಾಕು, ಎರಡು ತಲೆಮಾರಿನ ನಂಟು ತಾನಾಗಿ ಬಿಚ್ಚಿಕೊಳ್ಳುವುದು. ಇಂತಹ ಸೀಮೆಯಲ್ಲಿ ಬೆಳೆದ ಮಕ್ಕಳು ಇಂದು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಜರ್ಮನಿ, ಇಂಗ್ಲೆಂಡು, ಅಮೆರಿಕ, ಕೆನಡಾಗಳಿಗೆ ಹೋಗುತ್ತಿದ್ದಾರೆ. ಅಲ್ಲಿಯ ಚಳಿಗೆ ಬೇಕಾದ ಉಣ್ಣೆಯ ಬಟ್ಟೆಯನ್ನೂ ಊಟಕ್ಕೆ ಬೇಕಾದ ಉಪ್ಪಿನಕಾಯಿಯನ್ನೂ ತಾಯಂದಿರು ಮರೆಯದೆ ಕಟ್ಟಿಕೊಡುತ್ತಾರೆ. ಆದರೆ ಇಳಿದ ಮೊದಲನೆಯ ವಾರದಲ್ಲಿಯೇ ಎದುರಾಗುವ ಎರಡು ತೊಡಕುಗಳ ವಿಚಾರವಾಗಿ ಮನೆಯಲ್ಲಿ ಯಾರೂ ಮಾತನಾಡಿರುವುದಿಲ್ಲ. ಇರಲೊಂದು ಬಾಡಿಗೆಯ ಮನೆ, ಹಣವಿಡಲೊಂದು ಬ್ಯಾಂಕಿನ ಖಾತೆ—ಇವೇ ಆ ಎರಡು ತೊಡಕುಗಳು.

ಹೊಸನಗರ ತಾಲ್ಲೂಕಿನ ಗೃಹಸ್ಥರೊಬ್ಬರು ನಮಗೆ ಬಹುಕಾಲದ ಪರಿಚಿತರು. ಮೂರು ಎಕರೆ ಅಡಿಕೆ ತೋಟ, ಪೇಟೆಯಲ್ಲಿ ಒಂದು ಸಣ್ಣ ಮನೆ. ಇವರ ಆಸ್ತಿ ಇಷ್ಟೆ. ಮಗಳು ಇಂಜಿನಿಯರಿಂಗ್ ಮುಗಿಸಿ ಹೆಚ್ಚಿನ ವ್ಯಾಸಂಗಕ್ಕೆ ಜರ್ಮನಿಗೆ ಹೊರಟಳು. ಆ ದೇಶದ ನಿಯಮದಂತೆ ವಿದ್ಯಾರ್ಥಿಯು ಒಂದು ವರ್ಷದ ಜೀವನಕ್ಕೆ ಸಾಕಾಗುವ ಹಣವನ್ನು ಮುಂಚಿತವಾಗಿ ತೋರಿಸಬೇಕು. ೨೦೨೪ರ ಸೆಪ್ಟೆಂಬರಿನಿಂದ ಈ ಮೊತ್ತ ೧೧,೯೦೪ ಯೂರೊ ಎಂದು ನಿಗದಿಯಾಗಿದೆ. ಹೆಚ್ಚಿನವರು ಇದನ್ನು ‘ಷ್ಪೆರ್‌ಕೊಂಟೊ’ ಎಂಬ ಬಂಧಿತ ಖಾತೆಯಲ್ಲಿ ಇಡುತ್ತಾರೆ. ಅದರಿಂದ ತಿಂಗಳಿಗೆ ೯೯೨ ಯೂರೊ ಮಾತ್ರ ಹೊರಬರುವುದು; ಅದೂ ಅಲ್ಲಿಯೇ ತೆರೆದ ಮತ್ತೊಂದು ಸಾಮಾನ್ಯ ಖಾತೆಗೆ. ನಮ್ಮ ಮಿತ್ರರು ಸಾಲವನ್ನೂ ಅಡಿಕೆ ಮಾರಿದ ಹಣವನ್ನೂ ಕೂಡಿಸಿ ಮೊತ್ತವನ್ನು ತುಂಬಿದರು. ‘ಇನ್ನು ಒಂದು ವರ್ಷ ಚಿಂತೆಯಿಲ್ಲ’ ಎಂದುಕೊಂಡರು.

ಚಿಂತೆ ಅಲ್ಲಿಂದಲೇ ಆರಂಭವಾಯಿತು. ಜರ್ಮನಿಯಲ್ಲಿ ಮನೆಗೆ ಪ್ರವೇಶಿಸಿದವರು ಎರಡು ವಾರದೊಳಗೆ ಊರಿನ ಕಛೇರಿಯಲ್ಲಿ ತಮ್ಮ ವಾಸಸ್ಥಳವನ್ನು ನೋಂದಾಯಿಸಬೇಕು. ೨೦೧೫ರ ನವೆಂಬರಿನಿಂದ ಇದಕ್ಕೆ ಮನೆಯ ಮಾಲಿಕನು ರುಜು ಮಾಡಿದ ದೃಢೀಕರಣಪತ್ರವೂ ಬೇಕು. ಹುಡುಗಿಯು ಮೊದಲು ಹಿಡಿದದ್ದು ಆರು ವಾರದ ತಾತ್ಕಾಲಿಕ ಕೋಣೆ. ಅದರ ಮಾಲಿಕನು ಬಾಡಿಗೆಯನ್ನು ಪಡೆದನು, ಪತ್ರವನ್ನು ಮಾತ್ರ ಕೊಡಲೊಲ್ಲೆನೆಂದನು. ನೋಂದಣಿಯಿಲ್ಲವೆಂದು ಒಂದು ಬ್ಯಾಂಕು ಖಾತೆಯನ್ನು ತೆರೆಯಲಿಲ್ಲ. ಖಾಯಂ ಮನೆಯನ್ನು ಹುಡುಕಹೊರಟರೆ ಮಾಲಿಕರು ಮೂರು ತಿಂಗಳ ಸಂಬಳದ ಚೀಟಿಯನ್ನೂ, ‘ಷೂಫಾ’ ಎಂಬ ಸಂಸ್ಥೆಯು ಕೊಡುವ ಸಾಲದ ನಡವಳಿಕೆಯ ಪತ್ರವನ್ನೂ ಕೇಳಿದರು. ಆ ದೇಶಕ್ಕೆ ಬಂದು ಹದಿನೈದು ದಿನವಾದವಳಿಗೆ ಅವು ಎಲ್ಲಿಂದ ಬರಬೇಕು? ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ಗಾದೆ ಅಲ್ಲಿ ಅಕ್ಷರಶಃ ನಿಜವಾಯಿತು. ತನ್ನ ತಂದೆಯ ಹಣ ಬಂಧಿತ ಖಾತೆಯಲ್ಲಿ ಭದ್ರವಾಗಿದ್ದರೂ ಅವಳು ಅದರಲ್ಲಿ ಒಂದು ಕಾಸನ್ನೂ ಮುಟ್ಟುವಂತಿರಲಿಲ್ಲ.

ಕಡೆಗೆ ಮತ್ತೊಂದು ಬ್ಯಾಂಕು ಖಾತೆಯನ್ನು ತೆರೆಯಲೊಪ್ಪಿ, ಗುಪ್ತಸಂಖ್ಯೆಯನ್ನು ಅಂಚೆಯಲ್ಲಿ ಕಳುಹಿಸಿತು. ಅದು ಅವಳನ್ನು ಮುಟ್ಟದೆ ಹಿಂದಿರುಗಿತು. ಅಲ್ಲಿಯ ಅಂಚೆಯವನು ಪೆಟ್ಟಿಗೆಯ ಮೇಲಿರುವ ಹೆಸರನ್ನು ನೋಡಿ ಕಾಗದ ಹಾಕುವನು. ಬಾಡಿಗೆಯ ಕೋಣೆಯಲ್ಲಿದ್ದ ಇವಳ ಹೆಸರು ಪೆಟ್ಟಿಗೆಯ ಮೇಲೆ ಇರಲಿಲ್ಲ. ಈ ಸಂಗತಿಯನ್ನು ಕೇಳಿದ ತಂದೆಯವರು ನಮ್ಮೊಡನೆ, ‘ನಮ್ಮ ಮನೆಗೆ ಹೆಸರಿನ ಹಲಗೆಯೇ ಇಲ್ಲ. ಆದರೂ ಪೋಸ್ಟಿನವನು ಮಳೆಯಲ್ಲಿ ಸಂಕ ದಾಟಿಕೊಂಡು ಬಂದು ಕೊಡುತ್ತಾನೆ. ಅಲ್ಲಿ ಒಂದು ಚೂರು ಕಾಗದವಿಲ್ಲದ್ದಕ್ಕೆ ನನ್ನ ಮಗಳು ಇಲ್ಲವೆಂದೇ ಆಯಿತಲ್ಲ!’ ಎಂದರು. ಆ ಮಾತಿನಲ್ಲಿದ್ದ ಸಂಕಟವನ್ನು ನಾವು ಮರೆತಿಲ್ಲ.

ಕಾಗದವಿಲ್ಲದವನ ಪಾಡು ನಮ್ಮ ಸೀಮೆಗೆ ಹೊಸದಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು ಶರಾವತಿಯ ನೀರು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳನ್ನು ಮುಳುಗಿಸಿದಾಗ, ತೋಟ ಗದ್ದೆಗಳನ್ನು ಬಿಟ್ಟು ಹೊರಟ ಕುಟುಂಬಗಳೆಷ್ಟೋ. ಹೊಸ ಜಾಗಕ್ಕೆ ಹೋದ ಅನೇಕರಿಗೆ ಭೂಮಿಯ ಹಕ್ಕುಪತ್ರದ ಪ್ರಶ್ನೆ ದಶಕಗಳವರೆಗೂ ಬಗೆಹರಿಯಲಿಲ್ಲ. ಊರಿನಲ್ಲಿ ಎಲ್ಲರೂ ಬಲ್ಲ ಮನುಷ್ಯನು ಊರು ಬಿಟ್ಟೊಡನೆ ಯಾರೂ ಅರಿಯದವನಾಗುವನು ಎಂಬುದನ್ನು ಆ ಹಿರಿಯರು ಕಂಡುಂಡಿದ್ದಾರೆ. ಪರದೇಶಕ್ಕೆ ಹೋಗುವ ಮಕ್ಕಳಾದರೋ ಇಚ್ಛೆಯಿಂದ ಹೋಗುವರು, ಮುಂಚಿತವಾಗಿ ತಿಳಿದು ಹೋಗಲು ಅವರಿಗೆ ಸಮಯವುಂಟು. ಆದಕಾರಣ ಗೃಹಸ್ಥರು ಕೆಲವು ಸಂಗತಿಗಳನ್ನು ಅರಿತಿರುವುದು ಲೇಸು.

ಮೊದಲನೆಯದು ಹೆಸರು. ನಮ್ಮಲ್ಲಿ ಊರಿನ ಅಕ್ಷರ, ತಂದೆಯ ಅಕ್ಷರ, ಆಮೇಲೆ ಹೆಸರು. ಕುಲನಾಮವೆಂಬುದನ್ನು ಬಹುಮಂದಿ ಬರೆಯುವುದೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಆ ಸ್ಥಳ ಖಾಲಿ ಉಳಿದರೆ ಪರದೇಶದ ಅರ್ಜಿಗಳೆಲ್ಲವೂ ತೊಡಕಾಗುವುವು. ಒಂದೇ ಹೆಸರುಳ್ಳವರ ಅಮೆರಿಕದ ವೀಸಾದಲ್ಲಿ, ಹೆಸರು ತಿಳಿಯದು ಎಂಬರ್ಥದ ‘ಎಫ್. ಎನ್. ಯು.’ ಎಂಬ ಮೂರಕ್ಷರಗಳು ಬರುವುವು. ಬ್ಯಾಂಕಿನ ಗುಮಾಸ್ತನು ಅದನ್ನೇ ಹೆಸರೆಂದು ಭಾವಿಸುವುದೂ ಉಂಟು. ಪಾಸ್‌ಪೋರ್ಟು, ಅಂಕಪಟ್ಟಿ, ಬ್ಯಾಂಕಿನ ಪುಸ್ತಕ ಇವು ಮೂರರಲ್ಲಿಯೂ ಹೆಸರು ಒಂದೇ ರೀತಿಯಲ್ಲಿರುವಂತೆ ಹೊರಡುವ ಒಂದು ವರ್ಷ ಮೊದಲೇ ನೋಡಿಕೊಳ್ಳತಕ್ಕದ್ದು.

ಎರಡನೆಯದು ಮನೆ. ವಿಶ್ವವಿದ್ಯಾಲಯದ ವಸತಿಗೃಹಕ್ಕೆ ಪ್ರವೇಶಪತ್ರ ಬಂದ ದಿನವೇ ಅರ್ಜಿ ಹಾಕಬೇಕು. ತಡಮಾಡಿದವರಿಗೆ ಸ್ಥಳ ದೊರೆಯುವುದು ಕಷ್ಟ. ತಾತ್ಕಾಲಿಕ ಕೋಣೆಯನ್ನು ಹಿಡಿಯುವಾಗ ‘ನೋಂದಣಿಗೆ ಪತ್ರ ಕೊಡುವಿರಾ?’ ಎಂದು ಕೇಳಿ ಬರಹದಲ್ಲಿ ಉತ್ತರ ಪಡೆಯಬೇಕು. ಜರ್ಮನಿಯಲ್ಲಿ ಬರಿಯ ಕೋಣೆಯ ಬಾಡಿಗೆಗೆ ‘ತಣ್ಣನೆಯ ಬಾಡಿಗೆ’ ಎಂದೂ, ಒಲೆಶಾಖ ಮೊದಲಾದ ವೆಚ್ಚ ಕೂಡಿದ್ದಕ್ಕೆ ‘ಬೆಚ್ಚನೆಯ ಬಾಡಿಗೆ’ ಎಂದೂ ಹೆಸರು. ಎರಡರ ಅಂತರವನ್ನು ತಿಳಿಯದೆ ಒಪ್ಪಿಕೊಂಡವರು ಪರಿತಪಿಸುವರು. ಮುಂಗಡವು ತಣ್ಣನೆಯ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಮೀರಬಾರದು. ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗುಂಟು. ಇಂಗ್ಲೆಂಡಿನಲ್ಲಿ ವರ್ಷದ ಬಾಡಿಗೆ ೫೦,೦೦೦ ಪೌಂಡಿಗಿಂತ ಕಡಮೆಯಿದ್ದರೆ ಮುಂಗಡವು ಐದು ವಾರದ ಬಾಡಿಗೆಯನ್ನು ಮೀರಬಾರದೆಂದು ೨೦೧೯ರಿಂದ ಕಾನೂನಿದೆ. ಮಾಲಿಕನು ಅದನ್ನು ೩೦ ದಿನದೊಳಗೆ ಸರಕಾರದ ಒಪ್ಪಿಗೆ ಪಡೆದ ರಕ್ಷಣಾ ವ್ಯವಸ್ಥೆಗೆ ಒಳಪಡಿಸಬೇಕು. ೨೦೧೬ರಿಂದ ಅಲ್ಲಿಯ ಮಾಲಿಕನು ಬಾಡಿಗೆದಾರನಿಗೆ ದೇಶದಲ್ಲಿ ವಾಸಿಸುವ ಹಕ್ಕಿದೆಯೇ ಎಂದು ಪರಿಶೀಲಿಸುವುದೂ ಕಡ್ಡಾಯ. ಆದುದರಿಂದ ಅದನ್ನು ಕೇಳಿದನೆಂದು ಅವಮಾನಪಡಬೇಕಾದುದಿಲ್ಲ. ಮನೆಯನ್ನು ತಾವಾಗಲಿ ನಂಬಿಗಸ್ತರಾಗಲಿ ಕಣ್ಣಾರೆ ಕಾಣುವ ಮೊದಲು ಅಪರಿಚಿತನಿಗೆ ಹಣ ಕಳುಹಿಸುವುದು ಮಾತ್ರ ಎಲ್ಲಿಯೂ ಸಲ್ಲದು. ಚಂದದ ಚಿತ್ರವನ್ನು ತೋರಿಸಿ, ಇಲ್ಲದ ಮನೆಗೆ ಮುಂಗಡ ಕೀಳುವ ವಂಚಕರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಮೂರನೆಯದು ಖಾತೆ. ಇಲ್ಲಿ ಗಂಟನ್ನು ಬಿಡಿಸುವ ಉಪಾಯವು ಕಾನೂನಿನಲ್ಲಿಯೇ ಇದೆ. ಅದನ್ನು ಬಲ್ಲವರು ಕಡಮೆ. ಜರ್ಮನಿಯಲ್ಲಿ ೨೦೧೬ರ ಜೂನಿನಿಂದ, ಐರೋಪ್ಯ ಒಕ್ಕೂಟದಲ್ಲಿ ನ್ಯಾಯವಾಗಿ ವಾಸಿಸುವ ಯಾರಿಗಾದರೂ ‘ಬಾಸಿಸ್‌ಕೊಂಟೊ’ ಎಂಬ ಮೂಲಖಾತೆಯನ್ನು ಪಡೆಯುವ ಹಕ್ಕಿದೆ. ಖಾಯಂ ಮನೆಯಿಲ್ಲದವರಿಗೂ ಉಂಟು. ಕೆನಡಾದಲ್ಲಿ ಗುರುತಿನ ಪತ್ರಗಳು ಸರಿಯಾಗಿದ್ದರೆ ಉದ್ಯೋಗವಿಲ್ಲವೆಂದಾಗಲಿ, ತುಂಬಲು ಹಣವಿಲ್ಲವೆಂದಾಗಲಿ ಬ್ಯಾಂಕು ಖಾತೆಯನ್ನು ನಿರಾಕರಿಸುವಂತಿಲ್ಲ. ಅಮೆರಿಕದ ನಿಯಮವು ಪರದೇಶದವರ ವಿಷಯದಲ್ಲಿ ಪಾಸ್‌ಪೋರ್ಟಿನ ಸಂಖ್ಯೆಯನ್ನು ಒಪ್ಪುವುದಕ್ಕೆ ಅವಕಾಶ ಕೊಟ್ಟಿದೆ. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಬ್ಯಾಂಕಿಗೆ ತೋರಿಸಲು ವಿದ್ಯಾರ್ಥಿಗೆ ವಿಳಾಸದ ಪತ್ರ ಬರೆದುಕೊಡುವ ವಾಡಿಕೆಯುಂಟು. ಕಿಟಕಿಯ ಹಿಂದೆ ಕುಳಿತ ಒಬ್ಬ ಗುಮಾಸ್ತನ ‘ಆಗದು’ ಎಂಬ ಮಾತೇ ಕಡೆಯ ಮಾತಲ್ಲ. ಹಾಗಿದ್ದರೂ ಎರಡು ತಿಂಗಳ ವೆಚ್ಚವನ್ನು ಬಂಧಿತ ಖಾತೆಯ ಹೊರಗೆ, ಕೈಗೆಟಕುವಂತೆ ಇಟ್ಟುಕೊಂಡು ಹೋಗುವುದು ಬುದ್ಧಿವಂತಿಕೆ.

ನಾಲ್ಕನೆಯದು ಊರಿನ ಕಡೆಯ ಕೆಲಸ. ೧೯೯೯ರ ವಿದೇಶ ವಿನಿಮಯ ಕಾಯಿದೆಯಂತೆ, ಪರದೇಶದ ನಿವಾಸಿಯಾದವನು ತನ್ನ ಇಲ್ಲಿಯ ಉಳಿತಾಯದ ಖಾತೆಯನ್ನು ‘ಎನ್. ಆರ್. ಒ.’ ಖಾತೆಯಾಗಿ ಮಾರ್ಪಡಿಸಬೇಕು. ವ್ಯಾಸಂಗಕ್ಕೆ ಹೋದವರೂ ಇದಕ್ಕೆ ಸೇರುವರು. ಅನಿವಾಸಿಯಾಗಿರುವಾಗ ಪಿತ್ರಾರ್ಜಿತವಾಗಿ ಬಂದ ತೋಟವನ್ನು ಇಟ್ಟುಕೊಳ್ಳಬಹುದು; ಹೊಸದಾಗಿ ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಪಾಲುಪತ್ರಕ್ಕೋ ಸಾಲಕ್ಕೋ ಮಕ್ಕಳ ರುಜು ಬೇಕಾದೀತೆಂದಿದ್ದರೆ ಹೊರಡುವ ಮೊದಲೇ ಅಧಿಕಾರಪತ್ರವನ್ನು ಬರೆಯಿಸಿಡುವುದು ಸುಲಭ. ಪರದೇಶದಲ್ಲಿ ಬರೆದು ಕಳುಹಿಸಿದ ಪತ್ರಕ್ಕೆ, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನು ಕಟ್ಟಬೇಕಾಗುವುದು.

ಇಷ್ಟೆಲ್ಲ ಹೇಳಿದ ಮೇಲೆ ಮತ್ತೊಂದು ಮಾತನ್ನು ಹೇಳದಿರಲಾರೆವು. ನಮ್ಮ ಪೇಟೆಗಳಲ್ಲಿ ಬಾಡಿಗೆಯ ಮನೆಯನ್ನು ಕೇಳಿ ಬಂದವರನ್ನು ನಾವು ಮೊದಲು ಕೇಳುವ ಪ್ರಶ್ನೆ ಯಾವುದು? ‘ನೀವು ಯಾವ ಪೈಕಿ?’ ‘ಊಟ ಹೇಗೆ?’ ‘ಮದುವೆಯಾಗಿದೆಯೇ?’ ಬಂದವನು ಬ್ಯಾಂಕಿನ ನೌಕರನಿರಲಿ, ಶಾಲೆಯ ಮಾಸ್ತರನಿರಲಿ, ಉತ್ತರ ನಮಗೆ ಒಗ್ಗದಿದ್ದರೆ ‘ಮನೆ ಈಗ ತಾನೆ ಕೊಟ್ಟಾಯಿತು’ ಎಂದು ಕಳುಹಿಸುವೆವು. ಪರದೇಶದ ಮಾಲಿಕನು ಕೇಳುವ ಸಂಬಳದ ಚೀಟಿಯನ್ನು ಇಂದಲ್ಲ ನಾಳೆ ಸಂಪಾದಿಸಬಹುದು. ನಾವು ಕೇಳುವುದನ್ನು ಯಾರು ತಾನೆ ಎಲ್ಲಿಂದ ಸಂಪಾದಿಸಿ ತರಬಲ್ಲರು?

ಹುಡುಗಿಯ ಕಥೆ ಸುಖವಾಗಿಯೇ ಮುಗಿಯಿತು. ಏಳನೆಯ ವಾರದಲ್ಲಿ ಒಬ್ಬ ವೃದ್ಧೆಯು ತನ್ನ ಮನೆಯ ಒಂದು ಕೋಣೆಯನ್ನು ಅವಳಿಗೆ ಕೊಟ್ಟಳು. ನೋಂದಣಿಯ ಪತ್ರಕ್ಕೆ ರುಜು ಮಾಡಿ, ಕಾಗದದ ಚೂರಿನ ಮೇಲೆ ಹುಡುಗಿಯ ಹೆಸರನ್ನು ಬರೆದು ಅಂಚೆಯ ಪೆಟ್ಟಿಗೆಗೆ ತಾನೇ ಅಂಟಿಸಿದಳು. ವಾರ ಕಳೆಯುವುದರೊಳಗೆ ಬ್ಯಾಂಕಿನ ಕಾಗದ ಬಂದಿತು.

ಕಳೆದ ಮಳೆಗಾಲದಲ್ಲಿ ನಮ್ಮ ಮಿತ್ರರ ಪೇಟೆಯ ಮನೆ ತೆರವಾಯಿತು. ಹೊರರಾಜ್ಯದಿಂದ ವರ್ಗವಾಗಿ ಬಂದಿದ್ದ ಗಂಡಹೆಂಡಿರು ಎರಡು ಬೀದಿಗಳಲ್ಲಿ ಇಲ್ಲವೆನಿಸಿಕೊಂಡು ಇವರಲ್ಲಿಗೆ ಬಂದರಂತೆ. ‘ಅವರ ಊರನ್ನು ಕೇಳಿದೆ, ಕೆಲಸವನ್ನು ಕೇಳಿದೆ. ಮೂರನೆಯದನ್ನು ಕೇಳಲು ಬಾಯಿ ಬರಲಿಲ್ಲ. ಮಗಳ ನೆನಪಾಯಿತು’ ಎಂದು ಅವರೇ ನಮಗೆ ಹೇಳಿದರು. ಕರಾರುಪತ್ರ ಬರೆದುಕೊಂಡು ಬೀಗದ ಕೈಯನ್ನು ಆ ದಿನವೇ ಕೊಟ್ಟರು. ಆ ಕುಟುಂಬ ಈಗಲೂ ಅಲ್ಲಿಯೇ ಇದೆ. ಬಾಡಿಗೆ ತಪ್ಪದೆ ಬರುತ್ತಿದೆ.