ಜಾಮೀನು ಸಿಕ್ಕಿತು, ಜಾಮೀನುದಾರ ಸಿಗಲಿಲ್ಲ

ಜೈಲಿನಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಕಳ್ಳರು, ಕೊಲೆಗಡುಕರು ಎಂಬ ಉತ್ತರ ಥಟ್ಟನೆ ಬರುತ್ತದೆ. ಸರ್ಕಾರದ ಲೆಕ್ಕ ಬೇರೆಯೇ ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಜಾಗವಿದ್ದದ್ದು 4,36,266 ಮಂದಿಗೆ. ಒಳಗಿದ್ದವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ನೂರಕ್ಕೆ 75ಕ್ಕೂ ಹೆಚ್ಚು. ಅವರು ತಪ್ಪು ಮಾಡಿದ್ದಾರೆಂದು ಯಾವ ಕೋರ್ಟೂ ಇನ್ನೂ ಹೇಳಿರಲಿಲ್ಲ. ಶಿಕ್ಷೆಯಾದವರನ್ನಷ್ಟೇ ಇಟ್ಟುಕೊಂಡಿದ್ದರೆ ನಮ್ಮ ಜೈಲುಗಳಲ್ಲಿ ಮೂರನೇ ಎರಡು ಪಾಲು ಜಾಗ ಖಾಲಿ ಬಿದ್ದಿರುತ್ತಿತ್ತು.

ಹಾಗೆಂದು ನಾವು ಹೆಚ್ಚು ಜನರನ್ನು ಜೈಲಿಗೆ ಹಾಕುತ್ತೇವೆ ಎಂದಲ್ಲ. ಅಮೆರಿಕದಲ್ಲಿ ಲಕ್ಷ ಜನಸಂಖ್ಯೆಗೆ 500ಕ್ಕೂ ಹೆಚ್ಚು ಜನ ಸೆರೆಯಲ್ಲಿದ್ದಾರೆ. ನಮ್ಮಲ್ಲಿ ಲಕ್ಷಕ್ಕೆ ನಲವತ್ತರ ಆಸುಪಾಸು. ಅಲ್ಲಿ ಉದ್ದುದ್ದ ಶಿಕ್ಷೆಗಳು ಜೈಲು ತುಂಬಿಸಿದವು. ಇಲ್ಲಿ ತುಂಬಿಸಿದ್ದು ಕಾಯುವಿಕೆ.

ಈ ಕಾಯುವಿಕೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ಬೆಂಗಳೂರಿನ ವಿಮಾನಪುರಕ್ಕಿಂತ ದೂರ ಹೋಗಬೇಕಿಲ್ಲ. 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆಯ ಸುತ್ತ ಬೆಳೆದ ಊರು ಇದು. ಇಲ್ಲಿಂದ ಮಾರತಹಳ್ಳಿ, ಮುನ್ನೇಕೊಳಲು ಕಡೆಗೆ ಹೋದರೆ ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ಡುಗಳು ಕಾಣುತ್ತವೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರೂ ಅಲ್ಲಿದ್ದಾರೆ. ಅವರಲ್ಲೊಬ್ಬನ ಮೇಲೆ ಕಳವಿನ ಕೇಸು ಬಿತ್ತು ಎಂದಿಟ್ಟುಕೊಳ್ಳಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ, ನ್ಯಾಯಾಂಗ ಬಂಧನವಾಗುತ್ತದೆ, ವ್ಯಾನು ಪರಪ್ಪನ ಅಗ್ರಹಾರದ ಜೈಲಿಗೆ ಹೊರಡುತ್ತದೆ. ಕೆಲವು ವಾರಗಳಲ್ಲಿ ವಕೀಲರು ಅರ್ಜಿ ಹಾಕಿ ಜಾಮೀನನ್ನೂ ಕೊಡಿಸುತ್ತಾರೆ. ಆದೇಶದಲ್ಲಿ ಒಂದು ಸಾಲು ಇರುತ್ತದೆ: ಇಷ್ಟು ಸಾವಿರದ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಶ್ಯೂರಿಟಿ. ಆ ಒಂದು ಸಾಲು ದಾಟಲಾಗದೆ ಅವನು ಒಳಗೇ ಉಳಿಯುತ್ತಾನೆ.

ಶ್ಯೂರಿಟಿ ನಿಲ್ಲುವವನಿಗೆ ಆಸ್ತಿ ಇರಬೇಕು. ಜಮೀನಾದರೆ ಪಹಣಿ, ಮನೆಯಾದರೆ ಕಂದಾಯ ಕಟ್ಟಿದ ರಸೀದಿ, ಜೊತೆಗೆ ಆಧಾರ್, ಫೋಟೊ, ಪ್ರಮಾಣಪತ್ರ. ಇದನ್ನೆಲ್ಲ ಹಿಡಿದು ಒಂದು ದಿನದ ಕೆಲಸ ಬಿಟ್ಟು ಕೋರ್ಟಿಗೆ ಬಂದು, ಆರೋಪಿ ನಿಮಗೆ ಹೇಗೆ ಪರಿಚಯ, ಎಷ್ಟು ವರ್ಷದಿಂದ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಗಾರೆ ಕೆಲಸದವನ ಬಳಗದಲ್ಲಿ ಪಹಣಿ ಇರುವವರು ಊರಲ್ಲಿದ್ದಾರೆ, ಬಸ್ಸಿನಲ್ಲಿ ಒಂದು ರಾತ್ರಿಯ ದೂರ. ಬೆಂಗಳೂರಿನಲ್ಲಿ ಅವನ ಗುರುತಿನವರು ಪಕ್ಕದ ಶೆಡ್ಡಿನವರು, ಅವರಿಗೂ ಕಂದಾಯದ ರಸೀದಿ ಇಲ್ಲ. ಈ ಕೊರತೆಯ ಮೇಲೆಯೇ ಒಂದು ದಂಧೆ ಬೆಳೆದಿದೆ. ನಕಲಿ ಪಹಣಿ, ನಕಲಿ ಆಧಾರ್ ಇಟ್ಟುಕೊಂಡು ದುಡ್ಡಿಗೆ ಜಾಮೀನು ನಿಲ್ಲುವ ತಂಡಗಳನ್ನು ಬೆಂಗಳೂರು ಪೊಲೀಸರು ಮತ್ತೆ ಮತ್ತೆ ಹಿಡಿದಿದ್ದಾರೆ. ಹೀಗಾಗಿ ದುಡ್ಡಿದ್ದ ಚಾಲಾಕಿ ಹೊರಗೆ ಬರುತ್ತಾನೆ, ಇಲ್ಲದವನು ಕೂತಿರುತ್ತಾನೆ.

ನ್ಯಾಯಾಲಯಗಳಿಗೆ ಇದು ಗೊತ್ತಿಲ್ಲವೆಂದಲ್ಲ. 1978ರ ಮೋತಿರಾಮ್ ಪ್ರಕರಣದ ಆರೋಪಿಯೂ ಗಾರೆ ಕೆಲಸದವನೇ, ಮಧ್ಯಪ್ರದೇಶದವನು. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅವನ ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದರೂ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸಿಟ್ಟಾದರು. ಕನ್ನಡಿಗನೋ ಮಲಯಾಳಿಯೋ ಬಸ್ತರಿನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿವಂತ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿ, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿಸಿದರು. ನಾಲ್ಕೂವರೆ ದಶಕ ಕಳೆದು, 2023ರ ಜನವರಿ 31ರಂದು, ಅದೇ ಕೋರ್ಟು ಸ್ಥಳೀಯ ಶ್ಯೂರಿಟಿಯೇ ಬೇಕೆಂದು ಹಟ ಹಿಡಿಯಬೇಡಿ ಎಂದು ಮತ್ತೆ ಹೇಳಬೇಕಾಯಿತು. ಜಾಮೀನು ಸಿಕ್ಕ ಕೈದಿ 7 ದಿನದಲ್ಲಿ ಹೊರಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟು ತಾನಾಗಿ ಪರಿಶೀಲಿಸಬಹುದು ಎಂದೂ ಹೇಳಿತು.

ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿಗೆ ಯೋಜನೆ ತಂದು ಜಾಮೀನಿಗೆಂದು 40,000 ರೂಪಾಯಿವರೆಗೆ ಕೊಡಲು ಮುಂದಾಯಿತು. ಒಳ್ಳೆಯದೇ. ಆದರೆ ಕಟಕಟೆಯ ಪಕ್ಕ ಬಂದು ನಿಲ್ಲುವ ಮನುಷ್ಯನನ್ನು ಯಾವ ಯೋಜನೆಯೂ ಮಂಜೂರು ಮಾಡುವುದಿಲ್ಲ. ಆ ದೃಷ್ಟಿಯಿಂದ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಹೆಚ್ಚು ಜಾಣತನದ್ದು. ಹಿಂದೆ ಎಂದೂ ಶಿಕ್ಷೆಯಾಗದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಅವನನ್ನು ಬಾಂಡಿನ ಮೇಲೆ ಬಿಡಬೇಕು. ಈ ಸಂಹಿತೆಯಲ್ಲಿ ಬರಿಯ ಬಾಂಡ್ ಎಂದರೆ ಶ್ಯೂರಿಟಿ ಬೇಡದ್ದು. ಮೂರು ವರ್ಷದ ಕಳವಿನ ಕೇಸಿಗೆ ಒಂದು ವರ್ಷ. ಅರ್ಜಿ ಹಾಕುವ ಹೊಣೆಯೂ ಜೈಲು ಅಧೀಕ್ಷಕರದ್ದೇ. ಆದರೆ ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಕೇಸು ಬಾಕಿಯಿದ್ದರೂ ಇಲ್ಲ. ಬೈಕು ಕಳವಿನಲ್ಲಿ ಸಿಕ್ಕವನ ಮೇಲೆ ಹಳೆಯ ನಾಲ್ಕು ಕೇಸು ಹೊರಿಸಿದರೆ ಈ ಬಾಗಿಲೂ ಮುಚ್ಚಿತು.

ಒಳಗಿನ ಬದುಕಿಗೆ ಬರೋಣ. ಇಂದಿನ ಫ್ರೀಡಂ ಪಾರ್ಕು 2000ದವರೆಗೆ ಬೆಂಗಳೂರಿನ ಕೇಂದ್ರ ಕಾರಾಗೃಹವಾಗಿತ್ತು. ತುರ್ತು ಪರಿಸ್ಥಿತಿಯಲ್ಲಿ ಅಡ್ವಾಣಿ, ಮಧು ದಂಡವತೆ ಅಂಥ ವಿರೋಧ ಪಕ್ಷದ ನಾಯಕರನ್ನು ಅಲ್ಲಿಟ್ಟಿದ್ದರು. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿದ್ದ ನಟಿ ಸ್ನೇಹಲತಾ ರೆಡ್ಡಿ 1976ರ ಮೇ ತಿಂಗಳಲ್ಲಿ ಬಂಧಿತರಾಗಿ ವಿಚಾರಣೆಯೇ ಇಲ್ಲದೆ ಎಂಟು ತಿಂಗಳು ಅಲ್ಲೇ ಕಳೆದರು. ಆಕೆಗೆ ತೀವ್ರ ಆಸ್ತಮಾ ಇತ್ತು. ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಕೂಗು ತಮಗೆ ಕೇಳಿಸುತ್ತಿತ್ತು ಎಂದು ದಂಡವತೆ ಬರೆದಿದ್ದಾರೆ. ಆ ಸ್ಥಿತಿಯಲ್ಲೂ ಆಕೆ ಇತರ ಹೆಣ್ಣು ಕೈದಿಗಳ ಊಟಕ್ಕಾಗಿ, ಅವರಿಗೆ ಬೀಳುತ್ತಿದ್ದ ಹೊಡೆತದ ವಿರುದ್ಧ ಜಗಳ ಕಾದರು. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು, 20ರಂದು ತೀರಿಕೊಂಡರು. ಹೆಸರಿದ್ದವರಾದ್ದರಿಂದ ಈ ಸಾವು ನಮಗೆ ಗೊತ್ತು.

ಪರಪ್ಪನ ಅಗ್ರಹಾರದ ಸುದ್ದಿ ಪತ್ರಿಕೆಗೆ ಬರುವುದೂ ಹೆಸರಿದ್ದವರಿಂದಲೇ. 2017ರಲ್ಲಿ ತಮಿಳುನಾಡಿನ ರಾಜಕಾರಣಿ ಶಶಿಕಲಾ ಅವರಿಗೆ ಅಲ್ಲಿ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು ಆಗ ಕಾರಾಗೃಹ ಇಲಾಖೆಯ ಡಿಐಜಿಯಾಗಿದ್ದ ಡಿ. ರೂಪಾ ವರದಿ ಕೊಟ್ಟರು. 2024ರಲ್ಲಿ ನಟ ದರ್ಶನ್ ಅವರು ಜೈಲಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತ ಫೋಟೊ ಊರೆಲ್ಲ ಹರಿದಾಡಿತು. ಓದಿದ ನಾವು, ಜೈಲಿನಲ್ಲಿ ಸುಖ ಹೆಚ್ಚಾಯಿತು ಎಂದು ಬೈಯುತ್ತೇವೆ. ಇಕ್ಕಟ್ಟಿನ ಬ್ಯಾರಕ್ಕಿನಲ್ಲಿ ಮಗ್ಗುಲು ಬದಲಿಸಲು ಜಾಗ ಇಲ್ಲದವನು ಆ ಫೋಟೊದಲ್ಲಿ ಇರಲಿಲ್ಲ. ಅವನಿಗೆ ಮತವೂ ಇಲ್ಲ. ಜೈಲಿನಿಂದ ಚುನಾವಣೆಗೆ ನಿಲ್ಲಬಹುದು, ಆದರೆ ವಿಚಾರಣಾಧೀನ ಕೈದಿ ಮತ ಹಾಕುವಂತಿಲ್ಲ! ಇನ್ನು ಜಾತಿ: ಕಸ ಗುಡಿಸುವ ಕೆಲಸ ಇಂಥ ಜಾತಿಯವರಿಗೆ, ಅಡುಗೆ ಇಂಥವರಿಗೆ ಎನ್ನುವ ನಿಯಮಗಳು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಉಳಿದೇ ಇದ್ದವು. ಅವು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್ 3ರಂದು.

ನಿಮ್ಮ ಮನೆ ಕಟ್ಟಿದವರೋ, ಮನೆಗೆಲಸಕ್ಕೆ ಬರುವವರ ಮಗನೋ ಹೀಗೆ ಒಳಗಾದರೆ ತಿಳಿದಿರಲಿ: ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ವಕೀಲರ ನೆರವು ಉಚಿತ. ಕರೆ ಮಾಡಬೇಕಾದ ಸಂಖ್ಯೆ 15100. ಶ್ಯೂರಿಟಿ ನಿಂತರೆ ಕೇಸು ತಮ್ಮ ತಲೆಗೆ ಬರುತ್ತದೆ ಎಂದು ಹೆದರುವವರೇ ಹೆಚ್ಚು. ಬರುವುದಿಲ್ಲ. ಆರೋಪಿ ವಾಯಿದೆಗೆ ತಪ್ಪಿಸಿಕೊಂಡರೆ ಬಾಂಡಿನ ಮೊತ್ತಕ್ಕೆ ಮಾತ್ರ ನೀವು ಹೊಣೆ, ಅವನ ಮೇಲಿನ ಆರೋಪಕ್ಕಲ್ಲ. ಪರಿಚಯದವನಾಗಿದ್ದು, ನಂಬಿಕೆಯೂ ಇದ್ದರೆ, ಕಂದಾಯದ ರಸೀದಿ ತೆಗೆದುಕೊಂಡು ಹೋಗಿ ನಿಲ್ಲಿ.